ಮೂವತ್ತಾರು ತೂತು ಮತ್ತು ‘ಬದಲಾವಣೆ ಇಲ್ಲ’ ಎಂಬ ನಿಮ್ಮ ಚೀಟಿ

ಶಾಲಾ ಕಟ್ಟಡಗಳ ಸುರಕ್ಷತೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಓದುವ ಶಾಲೆಯ ನಾಲ್ಕು ಕೋಣೆಗಳ ಸೀಲಿಂಗಿನಲ್ಲಿ ಕಲ್ನಾರು ಇದೆ ಎಂಬುದು ನಿಮ್ಮ ಕಚೇರಿಗೆ ಒಂಬತ್ತು ವರ್ಷಗಳಿಂದ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ನೀವು ಗೊತ್ತಿಲ್ಲದ ನನ್ನನ್ನು ಕರೆಸಿ, ಅದೇ ಸೀಲಿಂಗಿನಲ್ಲಿ ಮೂವತ್ತಾರು ತೂತು ಕೊರೆಸಿದಿರಿ. ನನ್ನ ದೂರು ಇಷ್ಟೇ. ಮುಂದೆ ಬರೆದಿರುವುದೆಲ್ಲ ಅದರ ವಿವರ ಮತ್ತು ನನ್ನ ಹೆದರಿಕೆ. ನಿಮ್ಮ ದೂರು ಅರ್ಜಿಯಲ್ಲಿ ವಿಳಾಸಕ್ಕೆ ಜಾಗವಿದೆ, ದಾಖಲೆಗಳ ಪಟ್ಟಿಗೆ ಜಾಗವಿದೆ, ಹೆದರಿಕೆಗೆ ಜಾಗವಿಲ್ಲ. ಆದ್ದರಿಂದ ಹೀಗೆ ಎಲ್ಲರೆದುರು ಬರೆಯಬೇಕಾಯಿತು.

ನಾನು ಎಲೆಕ್ಟ್ರಿಷಿಯನ್. ಇಪ್ಪತ್ತೆರಡು ವರ್ಷಗಳಿಂದ ಏಣಿ ಹತ್ತಿ ಇಳಿಯುವುದೇ ಬದುಕು. ಎಂಟು ತಿಂಗಳ ಹಿಂದೆ, ಸೆಕೆ ತಡೆಯಲಾರದೆ ಮಕ್ಕಳು ತರಗತಿಯಲ್ಲೇ ಸುಸ್ತಾಗಿ ಒರಗುತ್ತಿದ್ದಾರೆಂದು ನಾವು ಪೋಷಕರೆಲ್ಲ ಸೇರಿ ಫ್ಯಾನು ಕೇಳಿದೆವು. ನೀವು ಕೊಟ್ಟಿರಿ. ಆ ದಿನ ನಿಮ್ಮನ್ನು ಬಾಯ್ತುಂಬ ಹೊಗಳಿದವರಲ್ಲಿ ನಾನೂ ಒಬ್ಬ. ಕೆಲಸವೂ ನನಗೇ ಬಂತು. ನಿಮ್ಮ ಆದೇಶ ಒಂದೂವರೆ ಪುಟ ಇತ್ತು. ಯಾವ ಅಳತೆಯ ವೈರು, ಎಷ್ಟು ಉದ್ದದ ಬೋಲ್ಟು, ಸ್ವಿಚ್ ಬೋರ್ಡು ಯಾವ ಬಣ್ಣದ್ದಿರಬೇಕು ಎಂಬುದೂ ಅದರಲ್ಲಿತ್ತು. ಬೋಲ್ಟು ಹೋಗಿ ಕೂರಬೇಕಾದ ಸೀಲಿಂಗು ಯಾವುದರಿಂದ ಮಾಡಿದ್ದು ಎಂಬುದೊಂದು ಇರಲಿಲ್ಲ. ಬೋರ್ಡಿನ ಬಣ್ಣ ನೆನಪಿದ್ದವರಿಗೆ ಸೀಲಿಂಗು ಮರೆತದ್ದು ಹೇಗೆ?

ಶನಿವಾರ, ಭಾನುವಾರ ಎರಡು ದಿನದ ಕೆಲಸ. ಹೊರಡುವ ಮುಂಚೆ ಮಗಳನ್ನು ಕೇಳಿದೆ, “ನೀನು ಎಲ್ಲಿ ಕೂತ್ಕೊಳ್ತೀಯ ಪುಟ್ಟಿ?” “ಕಿಟಕಿ ಪಕ್ಕ, ಎರಡನೇ ಬೆಂಚು.” “ಸರಿ, ಒಂದು ಫ್ಯಾನು ಅಲ್ಲಿಗೇ ಬರೋ ಹಾಗೆ ಹಾಕ್ತೀನಿ ಬಿಡು.” ಅಪ್ಪಂದಿರು ಮಾಡುವ ಇಂಥ ಸಣ್ಣ ಪಕ್ಷಪಾತವನ್ನು ನೀವು ಕ್ಷಮಿಸುತ್ತೀರಿ. ನಾನು ಕ್ಷಮಿಸಿಕೊಳ್ಳಲಾರೆ. ಅಳೆದು, ಗುರುತು ಹಾಕಿ, ಸರಿಯಾಗಿ ಅವಳ ತಲೆಯ ಮೇಲೆ ಕೊರೆದೆ. ಶೀಟು ಮೆತ್ತಗಿತ್ತು, ಡ್ರಿಲ್ಲು ಸಲೀಸಾಗಿ ಇಳಿಯಿತು, ಬಿಳಿ ಪುಡಿ ಸುರಿಯಿತು. ಕಣ್ಣಿಗೆ ಬೀಳಬಾರದೆಂದು ಕನ್ನಡಕ ಹಾಕಿಕೊಂಡಿದ್ದೆ. ಮೂಗಿಗೆ ಏನೂ ಕಟ್ಟಿಕೊಂಡಿರಲಿಲ್ಲ. ಒಂದು ಫ್ಯಾನಿಗೆ ಮೂರು ತೂತು, ಕೋಣೆಗೆ ಮೂರು ಫ್ಯಾನು, ನಾಲ್ಕು ಕೋಣೆ. ಮುಗಿದ ಮೇಲೆ ಕೈಗೆ ಸಿಕ್ಕ ಪೊರಕೆಯಲ್ಲಿ ಒಂದು ಸುತ್ತು ಗುಡಿಸಿ, ಸಂಜೆ ಮನೆಗೆ ಬಂದೆ. ಹಿತ್ತಲ ಬಾಗಿಲಲ್ಲಿ ನನ್ನ ಅಂಗಿಯನ್ನು ಪಟಪಟ ಕೊಡವುತ್ತ ಹೆಂಡತಿ ನಕ್ಕಳು: “ಏನ್ರೀ ಇದು, ಫ್ಯಾನ್ ಹಾಕಕ್ಕೆ ಹೋಗಿದ್ರಾ, ಹಿಟ್ಟಿನ ಗಿರಣಿಗೆ ಹೋಗಿದ್ರಾ?”

ಸೋಮವಾರ ಶಾಲೆಯಿಂದ ಬಂದ ಮಗಳು ಚೀಲ ಇಳಿಸುವ ಮುಂಚೆಯೇ ಶುರು ಮಾಡಿದಳು. “ಅಪ್ಪ, ಫ್ಯಾನು ಸೂಪರ್! ಬೆಂಚ್ ಮೇಲೆಲ್ಲ ಬೆಳ್ಳಗೆ ಪೌಡರ್ ಇತ್ತು ಗೊತ್ತಾ? ಬೆರಳಲ್ಲಿ ಬೆಕ್ಕು ಬರೆದೆ. ಟೀಚರ್ ಬಂದ್ರು ಅಂತ ಉಫ್ ಅಂತ ಊದಿಬಿಟ್ಟೆ.”

ಮಾನ್ಯರೇ, ಅವಳಿಗೆ ಒಂಬತ್ತು ವರ್ಷ. ಊದುವ ಮುಂಚೆ ಯಾರೇ ಆಗಲಿ ಒಮ್ಮೆ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾರೆ. ಏಳು ತಿಂಗಳು ನನ್ನ ತಲೆಯಲ್ಲಿ ಆ ಉಸಿರು ಇರಲಿಲ್ಲ. ಈಗ ಮೂರು ವಾರದಿಂದ ಬೇರೇನೂ ಇಲ್ಲ.

ಮೂರು ವಾರದ ಹಿಂದೆ ಶಾಲೆಗೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ಮೂರನೇ ತರಗತಿಯಲ್ಲಿ ಪ್ರೊಜೆಕ್ಟರ್ ತೂಗುಹಾಕಬೇಕಿತ್ತು. ನಾನು ಏಣಿ ಹೆಗಲ ಮೇಲಿಟ್ಟುಕೊಂಡು ಹೋದರೆ ಅವರು ಕುರ್ಚಿಯಲ್ಲಿ ಒಂದು ನೀಲಿ ರಟ್ಟಿನ ರಿಜಿಸ್ಟರು ಬಿಡಿಸಿಕೊಂಡು ಕೂತಿದ್ದರು. ನಿಮ್ಮ ಕಚೇರಿಯಿಂದ ಆ ವಾರ ಒಂದು ಚೀಟಿ ಬಂದಿತ್ತಂತೆ. ‘ಕಲ್ನಾರು ವಸ್ತುಗಳ ಅರ್ಧವಾರ್ಷಿಕ ಪರಿಶೀಲನೆ, ರಿಜಿಸ್ಟರಿಗೆ ಲಗತ್ತಿಸತಕ್ಕದ್ದು’ ಎಂದು. ಯಾವ ರಿಜಿಸ್ಟರು ಎಂದು ತಿಳಿಯದೆ ಅವರು ಬೀರುಗಳನ್ನೆಲ್ಲ ಜಾಲಾಡಿ, ಹಳೆಯ ಹಾಜರಿ ಪುಸ್ತಕಗಳ ಅಡಿಯಿಂದ ಅದನ್ನು ಎಳೆದು ತೆಗೆದಿದ್ದರು.

“ಏಣಿ ಕೆಳಗಿಡಿ,” ಅಂದರು. “ಒಳಗೆ ತರಬೇಡಿ. ಆ ಫ್ಯಾನ್‌ಗಳನ್ನ ಹಾಕಿದ್ದು ನೀವೇನಾ?”

“ಹೌದು ಮೇಡಂ. ಏನಾದ್ರೂ ತೊಂದರೆ ಕೊಡ್ತಿದಾವಾ?”

ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು. ಎರಡು, ಮೂರು, ನಾಲ್ಕು, ಐದನೇ ತರಗತಿ ಕೋಣೆಗಳು. ವಸ್ತು: ಕಲ್ನಾರು ಮಿಶ್ರಿತ ಸೀಲಿಂಗ್ ಶೀಟು. ಸ್ಥಿತಿ: ಉತ್ತಮ. ಕೆಳಗೆ ಕೆಂಪು ಶಾಯಿಯಲ್ಲಿ: ‘ಕೊರೆಯಬಾರದು, ಕತ್ತರಿಸಬಾರದು, ಉಜ್ಜಬಾರದು. ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಈ ಪುಟವನ್ನು ತೋರಿಸಿ ಸಹಿ ಪಡೆಯತಕ್ಕದ್ದು.’ ಸಹಿಗೆಂದು ಗೆರೆ ಎಳೆದ ಪುಟ ಖಾಲಿ ಇತ್ತು. ಒಂಬತ್ತು ವರ್ಷ, ಒಂದು ಸಹಿ ಇಲ್ಲ.

ಕಲ್ನಾರು ಎಂಬ ಮಾತು ನನಗೆ ಹೊಸದಲ್ಲ. ಆಸ್ಬೆಸ್ಟಾಸ್ ಎಂದರೆ ಅದೇ. ಆದರೆ ಅದು ಶೆಡ್ಡುಗಳ ಮೇಲಿನ ಅಲೆ ಅಲೆ ಶೀಟು ಮಾತ್ರ ಎಂದುಕೊಂಡಿದ್ದೆ. ಬಣ್ಣ ಬಳಿದ ಚಪ್ಪಟೆ ಸೀಲಿಂಗಿನಲ್ಲೂ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಆ ಹೆಸರಿಟ್ಟವರು ಎಷ್ಟು ಸರಿಯಾಗಿ ಇಟ್ಟಿದ್ದಾರೆ ನೋಡಿ: ಕಲ್ಲೂ ಹೌದು, ನಾರೂ ಹೌದು. ನಾರಿನಂತೆ ಗಾಳಿಯಲ್ಲಿ ತೇಲುತ್ತದೆ, ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ. ಒಳಗೆ ಹೋದ ಮೇಲೆ ಕಲ್ಲು. ಕರಗುವುದಿಲ್ಲ, ಕೊಳೆಯುವುದಿಲ್ಲ.

ನಿಮ್ಮ ಚೀಟಿಗಳನ್ನೂ ಓದಿದೆ. ವರ್ಷಕ್ಕೆರಡರಂತೆ ಹದಿನೆಂಟು. ಹದಿನೆಂಟರಲ್ಲೂ ಒಂದೇ ಕೈಬರಹ, ಒಂದೇ ಸಾಲು: ‘ಖುದ್ದಾಗಿ ಪರಿಶೀಲಿಸಲಾಗಿದೆ. ಬದಲಾವಣೆ ಇಲ್ಲ.’ ಹದಿನೆಂಟನೆಯದರ ಹೊತ್ತಿಗೆ ನಾನು ಮೂವತ್ತಾರು ತೂತು ಕೊರೆದು ಆರು ತಿಂಗಳ ಮೇಲಾಗಿತ್ತು. ಹನ್ನೆರಡು ಫ್ಯಾನುಗಳು ಗರಗರ ತಿರುಗುತ್ತಿದ್ದವು. ಖುದ್ದಾಗಿ ಬಂದ ನಿಮ್ಮ ಪರಿಶೀಲಕರು ಅವುಗಳ ಕೆಳಗೇ ನಿಂತು, ಅವುಗಳ ಗಾಳಿಗೇ ಬೆವರು ಆರಿಸಿಕೊಂಡು, ‘ಬದಲಾವಣೆ ಇಲ್ಲ’ ಎಂದು ಬರೆದರೇ? ಅಥವಾ ಅವರು ತಮ್ಮ ಮೇಜಿನಿಂದಲೇ ನಮ್ಮ ಸೀಲಿಂಗು ನೋಡಬಲ್ಲ ದಿವ್ಯದೃಷ್ಟಿಯುಳ್ಳವರೇ? ಎರಡನೆಯದಾದರೆ ಅವರನ್ನು ಆಸ್ಪತ್ರೆಗೆ ವರ್ಗ ಮಾಡಿ. ನನ್ನ ಮಗಳ ಎದೆಯೊಳಗೆ ಏನಿದೆ ಎಂದು ನೋಡಿ ಹೇಳಲು ಅಲ್ಲಿ ಯಾರಿಗೂ ಆಗುತ್ತಿಲ್ಲ.

ಆ ದಿನ ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ನನ್ನದು ಅಚ್ಚುಕಟ್ಟಾದ ಕೆಲಸ ಎಂದು ಹೆಸರು. ಆದರೂ ಫ್ಯಾನು ತಿರುಗುವಾಗ ಅದುರುತ್ತದೆ, ಅದುರಿದಾಗ ಬೋಲ್ಟು ತೂತಿನ ಅಂಚನ್ನು ಉಜ್ಜುತ್ತದೆ. ಎರಡು ಫ್ಯಾನುಗಳ ಬುಡದಲ್ಲಿ ಬೆಳ್ಳನೆಯ ಉಂಗುರ ಮೂಡಿತ್ತು. ಉದುರಿಸುವುದೂ ಅದೇ ಫ್ಯಾನು, ಕೋಣೆಯ ತುಂಬ ಹರಡುವುದೂ ಅದೇ ಫ್ಯಾನು. ಅದನ್ನು ಅಲ್ಲಿ ತೂಗುಹಾಕಿದ ಕೈ ನನ್ನದು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮಗಳು ನನ್ನನ್ನು ಕಂಡು ಟೀಚರಿಗೆ ಗೊತ್ತಾಗದ ಹಾಗೆ ಕೈ ಬೀಸಿದಳು. ಮುಖ್ಯೋಪಾಧ್ಯಾಯಿನಿ ಫ್ಯಾನುಗಳನ್ನು ಆರಿಸಿ, ಮಕ್ಕಳನ್ನು ಸಾಲಾಗಿ ಹೊರಗೆ ಕರೆದು, ನಾಲ್ಕೂ ಕೋಣೆಗೆ ಬೀಗ ಹಾಕಿದರು. ಯಾರ ಅನುಮತಿಯನ್ನೂ ಕೇಳಲಿಲ್ಲ. ಅದೇ ಅವರ ಅಪರಾಧ ಎಂದು ನೀವು ಮೆಮೊ ಕೊಟ್ಟಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಗಳನ್ನು ವೈದ್ಯರ ಬಳಿ ಕರೆದೊಯ್ದೆವು. ನನ್ನನ್ನೂ ಹೆಂಡತಿಯನ್ನೂ ನೋಡಿದರು. ಎಕ್ಸ್‌ರೇ ತೆಗೆದರು. “ಮೂವರದ್ದೂ ಕ್ಲಿಯರ್ ಇದೆ,” ಅಂದರು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಹಾಗಾದ್ರೆ ಏನೂ ಭಯ ಇಲ್ವಾ ಡಾಕ್ಟ್ರೇ?” ಎಂದು ಕೇಳಿಬಿಟ್ಟೆ.

ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. “ನೋಡಿ, ಈಗ ಏನೂ ಕಾಣಲ್ಲ. ಈ ಕಾಯಿಲೆ ಬರೋದಿದ್ರೆ ಇಪ್ಪತ್ತು ವರ್ಷಕ್ಕೆ ಬರಬಹುದು, ನಲವತ್ತಕ್ಕೆ ಬರಬಹುದು. ಸ್ವಲ್ಪ ದಿನ ಉಸಿರಾಡಿದವರಲ್ಲಿ ಹೆಚ್ಚಿನವರಿಗೆ ಏನೂ ಆಗಲ್ಲ. ಧೈರ್ಯವಾಗಿರಿ.”

ಹೆಚ್ಚಿನವರಿಗೆ. ಆ ಒಂದು ಪದವನ್ನು ಹಿಡಿದುಕೊಂಡು ಮನೆಗೆ ಬಂದಿದ್ದೇವೆ. ದಿನಕ್ಕೊಂದು ಸಲ ಅದು ಧೈರ್ಯ ಕೊಡುತ್ತದೆ, ಹತ್ತು ಸಲ ಹೆದರಿಸುತ್ತದೆ. ನಲವತ್ತು ವರ್ಷಕ್ಕೆ ಅವಳಿಗೆ ನಲವತ್ತೊಂಬತ್ತು. ಕಳೆದ ವಾರ ಅವಳಿಗೆ ನೆಗಡಿಯಾಯಿತು. ಎಲ್ಲ ಮಕ್ಕಳಿಗೂ ಆಗುವ ಮಾಮೂಲಿ ನೆಗಡಿ. ಅವಳು ಕೆಮ್ಮಿದಾಗಲೆಲ್ಲ ನಾನೂ ಹೆಂಡತಿಯೂ ಮಾಡುತ್ತಿದ್ದ ಕೆಲಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕೊನೆಗೆ ಅವಳೇ ರೇಗಿದಳು: “ಕೆಮ್ಮಕ್ಕೂ ಬಿಡಲ್ವಾ ನೀವು?” ಹೆಂಡತಿ ನನ್ನನ್ನು ಒಂದು ಮಾತೂ ಅಂದಿಲ್ಲ. ಆದರೆ ನನ್ನ ಕೆಲಸದ ಬಟ್ಟೆಯನ್ನು ಈಗ ನೀರಲ್ಲಿ ಮುಳುಗಿಸುವವರೆಗೆ ಉಸಿರು ಬಿಗಿಹಿಡಿಯುತ್ತಾಳೆ. ನಾನು ನೋಡುತ್ತಿಲ್ಲ ಎಂದುಕೊಂಡಿದ್ದಾಳೆ.

ಕೋಣೆಗಳಿಗೆ ಬೀಗ ಬಿದ್ದ ಮರುದಿನವೇ ನಿಮ್ಮ ಕಚೇರಿಗೆ ಬಂದಿದ್ದೆ. ನಿಮಗೆ ನೆನಪಿರಬಹುದು, ಏಕೆಂದರೆ ನೀವು ನನ್ನನ್ನು ಕೂರಲು ಹೇಳಲಿಲ್ಲ.

“ಇದರಲ್ಲಿ ಗಾಬರಿ ಪಡೋದೇನಿದೆ ರೀ? ಸುಮ್ನೆ ಇದ್ರೆ ಅದೇನೂ ಮಾಡಲ್ಲ. ಮುಟ್ಟಬಾರದು, ಅಷ್ಟೇ.”

“ಮುಟ್ಟಿದೀನಿ ಸಾರ್. ಮೂವತ್ತಾರು ಕಡೆ.”

“ಯಾರು ಹೇಳಿದ್ರು ನಿಮಗೆ ಮುಟ್ಟಕ್ಕೆ?”

“ನೀವೇ ಸಾರ್.” ಆದೇಶದ ಪ್ರತಿ ಮೇಜಿನ ಮೇಲಿಟ್ಟೆ. ಕೆಳಗೆ ನಿಮ್ಮದೇ ಸಹಿ. ನೀವು ಅದನ್ನು ಓದಿದಿರಿ, ಮಡಚಿದಿರಿ, ನನಗೇ ವಾಪಸು ಕೊಟ್ಟಿರಿ. “ಇದು ವಿದ್ಯುತ್ ವಿಭಾಗದ ಫೈಲು. ಕಲ್ನಾರಿನದು ಬೇರೆ ಫೈಲು,” ಅಂದಿರಿ.

ಮಾನ್ಯರೇ, ಫೈಲು ಎರಡಿರಬಹುದು, ಸೀಲಿಂಗು ಒಂದೇ ಅಲ್ಲವೇ? ಅದರ ಕೆಳಗೆ ಕೂರುವ ಮಕ್ಕಳನ್ನು ನೀವು ಯಾವ ಫೈಲಿನಲ್ಲಿ ಇಟ್ಟಿದ್ದೀರಿ? ನೀವು ಹೇಳಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಸುಸ್ಥಿತಿಯಲ್ಲಿರುವ ಶೀಟನ್ನು ಮುಟ್ಟದೆ ಬಿಟ್ಟರೆ ಅಪಾಯ ಕಡಿಮೆ, ಗಡಿಬಿಡಿಯಲ್ಲಿ ಕಿತ್ತರೆ ಹೆಚ್ಚು ಎಂಬುದನ್ನು ನಾನೂ ಈಗ ತಿಳಿದುಕೊಂಡಿದ್ದೇನೆ. ಶಾಲೆ ಕೆಡವಿ ಎಂದು ಕೇಳಲು ನಾನು ಬಂದಿರಲಿಲ್ಲ. ‘ಮುಟ್ಟಬಾರದು’ ಎಂಬ ಮಾತನ್ನು ಮುಟ್ಟುವವನಿಗೆ ಹೇಳದೆ ಬೀರುವಿಗೆ ಹೇಳಿದಿರಲ್ಲ, ಅದನ್ನು ಕೇಳಲು ಬಂದಿದ್ದೆ.

ನಿಮಗಿಂತ ಕಷ್ಟದ ಭೇಟಿ ಇನ್ನೊಂದಿತ್ತು. ಶಾಲೆಯಲ್ಲಿ ಗುಡಿಸುವ ಒಬ್ಬರು ಹೆಂಗಸಿದ್ದಾರೆ, ಮಕ್ಕಳಿಂದ ಹಿಡಿದು ಮೇಷ್ಟ್ರುಗಳವರೆಗೆ ಎಲ್ಲರಿಗೂ ಅಕ್ಕ. ಏಳು ತಿಂಗಳು ದಿನವೂ ಬೆಳಿಗ್ಗೆ ಆ ನಾಲ್ಕು ಕೋಣೆಗಳ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಿದವರು ಅವರು. ನಮ್ಮೆಲ್ಲರಿಗಿಂತ ಹೆಚ್ಚು ಉಸಿರಾಡಿದವರು ಅವರೇ ಇರಬೇಕು. ಅವರಿಗೆ ಹೇಳುವ ಕೆಲಸ ನಿಮ್ಮದಾಗಿತ್ತು, ಆದರೆ ನಾನು ಮಾಡಿದೆ. ಶಾಲೆಯ ಮೆಟ್ಟಿಲ ಮೇಲೆ ಕೂರಿಸಿ ಹೇಳಿದೆ. ಅವರು ತಮ್ಮ ಕೈ ನೋಡಿಕೊಂಡರು.

“ಯಾಕಪ್ಪಾ ನಂಗೆ ಹೇಳ್ದೆ?” ಅಂದರು. “ಗೊತ್ತಿಲ್ದೆ ಇದ್ದಿದ್ರೆ ನೆಮ್ಮದಿಯಾಗಿ ಊಟ ಆದ್ರೂ ಇಳೀತಿತ್ತು.”

ಅವರೇ ಎದ್ದು ಸೆರಗು ಬಿಗಿದುಕೊಂಡರು. “ಇಲ್ಲ, ಹೇಳಿದ್ದು ಒಳ್ಳೇದಾಯ್ತು. ನೀನು ಬೇಕು ಅಂತ ಮಾಡಿದ್ದಲ್ಲ. ಆ ಪೊರಕೆ ಎಲ್ಲಿದೆ ಗೊತ್ತಾ? ಅಡುಗೆ ಕೋಣೆ ಗುಡಿಸಕ್ಕೂ ಅದನ್ನೇ ತಗೊಳ್ತಿದ್ದೆ ನಾನು. ಮೊದ್ಲು ಅದನ್ನ ಕಟ್ಟಿ ಇಡಬೇಕು.” ಇಬ್ಬರೂ ಹೋಗಿ ಪೊರಕೆಯನ್ನು ನೀರಲ್ಲಿ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೀಗ ಹಾಕಿದ ಕೋಣೆಯ ಬಾಗಿಲ ಬಳಿ ಇಟ್ಟೆವು. ಅಕ್ಷರ ಬಲ್ಲ ಯಾರೂ ಒಂಬತ್ತು ವರ್ಷ ಮಾಡದ ಕಲ್ನಾರು ನಿರ್ವಹಣೆಯನ್ನು ಆ ಹೆಂಗಸು ಐದು ನಿಮಿಷದಲ್ಲಿ ಶುರು ಮಾಡಿದರು.

ಆಮೇಲೆ ನಾನೊಂದು ಕಾಗದ ಬರೆದೆ. ಯಾವ ಕೋಣೆ, ಯಾವ ಗೋಡೆಯಿಂದ ಎಷ್ಟು ಅಡಿ, ಎಷ್ಟು ತೂತು, ಯಾವ ದಿನ ಎಂದು ಮೂವತ್ತಾರನ್ನೂ ಬರೆದು, ‘ಕೊರೆದವನು ನಾನು’ ಎಂದು ಸಹಿ ಮಾಡಿ, ಮುಖ್ಯೋಪಾಧ್ಯಾಯಿನಿಯ ಒಪ್ಪಿಗೆ ಪಡೆದು ಶಾಲೆಯ ಗೇಟಿಗೆ ಅಂಟಿಸಿದೆ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಗುಂಪುಗೂಡಿ ಓದಿದರು. ನನ್ನ ಮಗಳ ಪಕ್ಕದಲ್ಲಿ ಕೂರುವ ಹುಡುಗಿಯ ತಂದೆ ಬಸ್ ಡ್ರೈವರು. ಬಂದವರೇ ನನ್ನ ಕೊರಳಪಟ್ಟಿ ಹಿಡಿದರು. “ಇಪ್ಪತ್ತೆರಡು ವರ್ಷದ ಸರ್ವೀಸು ಅಂತೀಯ, ಕೊರೆಯೋ ಮುಂಚೆ ಕೇಳ್ಬೇಕು ಅನ್ನಿಸ್ಲಿಲ್ವೇನೋ ನಿಂಗೆ?” ಕೇಳಬೇಕಿತ್ತು. ಅವರು ಹೊಡೆಯಲಿಲ್ಲ. ಕೈ ಬಿಟ್ಟು, ಕೆಳಗೆ ಕೂತು, ಅತ್ತುಬಿಟ್ಟರು. ಹೊಡೆದಿದ್ದರೆ ಚೆನ್ನಾಗಿತ್ತು.

ಗೇಟಿನ ಕಾಗದ ನಿಮ್ಮ ಕಚೇರಿಯನ್ನೂ ತಲುಪಿರಬೇಕು, ಏಕೆಂದರೆ ನಾಲ್ಕೇ ದಿನದಲ್ಲಿ ನಿಮ್ಮಿಂದ ಕ್ರಮವಾಯಿತು. ಎಂಥ ಕ್ರಮ ಎಂದು ಓದುಗರೂ ತಿಳಿಯಲಿ. ನೀವು ಒಬ್ಬ ಪೇಂಟರನ್ನು ಕಳಿಸಿದಿರಿ. ‘ತೂತುಗಳ ಅಂಚಿಗೆ ವಾಲ್ ಪುಟ್ಟಿ ತುಂಬಿ, ಉಜ್ಜಿ ಸಮ ಮಾಡಿ, ಬಣ್ಣ ಬಳಿಯತಕ್ಕದ್ದು’ ಎಂಬ ಆದೇಶ ಅವನ ಜೇಬಿನಲ್ಲಿತ್ತು. ಮುಖ್ಯೋಪಾಧ್ಯಾಯಿನಿ ಆ ದಿನ ನಿಮ್ಮ ಮೆಮೊಗೆ ಉತ್ತರ ಕೊಡಲು ನಿಮ್ಮದೇ ಕಚೇರಿಯಲ್ಲಿ ಕಾಯುತ್ತಿದ್ದರು. ಶಾಲೆಯ ಗುಮಾಸ್ತರು ನಿಮ್ಮ ಆದೇಶ ನೋಡಿ ಬೀಗದಕೈ ಕೊಟ್ಟರು. ಅಕ್ಕ ನನಗೆ ಫೋನ್ ಮಾಡಿದಾಗ ನಾನು ಎರಡು ಬೀದಿ ಆಚೆ ಮೋಟಾರು ರಿಪೇರಿಯಲ್ಲಿದ್ದೆ. ಓಡಿದೆ. ಇಷ್ಟು ವಯಸ್ಸಿಗೆ ಹಾಗೆ ಓಡಿದ್ದು ಅದೇ ಮೊದಲು. ಪೇಂಟರು ಇಪ್ಪತ್ತೈದು ದಾಟದವನು, ನಾಲ್ಕನೇ ತರಗತಿಯ ಬಾಗಿಲಲ್ಲಿ ಡಬ್ಬ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಉಪ್ಪುಕಾಗದ. ಅಕ್ಕ ಬಾಗಿಲಿಗೆ ಅಡ್ಡ ಕೂತಿದ್ದರು.

“ಅಮ್ಮಾ, ದಾರಿ ಬಿಡಿ. ಮೂರು ಗಂಟೆ ಕೆಲಸ, ಉಜ್ಜಿ ಬಳಿದು ಹೋಗ್ತೀನಿ.”

“ನಿಂಗೆ ಮಕ್ಕಳಿದಾವೇನಪ್ಪ?”

“ಒಂದು ಕೂಸು. ಐದು ತಿಂಗಳು.”

“ಹಂಗಾದ್ರೆ ಮೊದ್ಲು ಅದನ್ನ ಓದು. ನಂಗೆ ಓದಕ್ಕೆ ಬರಲ್ಲ, ಆದ್ರೆ ಏನು ಬರ್ದಿದೆ ಅಂತ ಗೊತ್ತು.” ಪಕ್ಕದ ಕುರ್ಚಿಯ ಮೇಲೆ ನೀಲಿ ರಿಜಿಸ್ಟರಿತ್ತು. ಗುಮಾಸ್ತರ ಮೇಜಿನಿಂದ ಅವರೇ ಎತ್ತಿಕೊಂಡು ಬಂದಿದ್ದರು.

ಅವನು ಓದಿದ. ‘ಉಜ್ಜಬಾರದು’ ಎಂಬಲ್ಲಿ ನಿಂತು, ಕೈಯಲ್ಲಿದ್ದ ಉಪ್ಪುಕಾಗದ ನೋಡಿದ. ನನ್ನನ್ನು ನೋಡಿ ಕೇಳಿದ, “ಅಣ್ಣಾ, ಇದು ನಿಜಾನಾ? ಅವರಿಗೆ ಇದು ಗೊತ್ತಿತ್ತಾ?” ಗೊತ್ತಿತ್ತು ಎಂದೆ. “ಗೊತ್ತಿದ್ದೂ ಕಳಿಸಿದ್ರಾ?” ಎಂದ. ಆ ಪ್ರಶ್ನೆಯನ್ನು ಹಾಗೆಯೇ ನಿಮಗೆ ದಾಟಿಸುತ್ತಿದ್ದೇನೆ. ಅವನು ಖಾಲಿ ಪುಟದ ಮೊದಲ ಗೆರೆಯ ಮೇಲೆ ಸಹಿ ಮಾಡಿ, ಡಬ್ಬ ಎತ್ತಿಕೊಂಡು ಹೊರಟುಹೋದ. ಒಂಬತ್ತು ವರ್ಷದಲ್ಲಿ ನಿಮ್ಮ ವ್ಯವಸ್ಥೆ ಒಂದೇ ಒಂದು ಸಲ ನಡೆಯಬೇಕಾದ ಹಾಗೆ ನಡೆಯಿತು. ನಡೆಸಿದವರು ಅಕ್ಷರ ಬಾರದ ಅಕ್ಕ.

ಈಗ ನಿಮ್ಮ ಮೆಮೊ. ‘ಅನಾವಶ್ಯಕ ಭೀತಿ ಹಬ್ಬಿಸಿದ’ ಕಾರಣಕ್ಕೆ ಮುಖ್ಯೋಪಾಧ್ಯಾಯಿನಿಯ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು ಎಂದು ಕೇಳಿದ್ದೀರಿ. ಬರುವ ಸೋಮವಾರದೊಳಗೆ ನಾಲ್ಕೂ ಕೋಣೆ ತೆರೆದು ಪಾಠ ಶುರು ಮಾಡಬೇಕು ಎಂದಿದ್ದೀರಿ. ಭೀತಿ ಅನಾವಶ್ಯಕವೋ ಅಲ್ಲವೋ ತಿಳಿಯುವ ದಾರಿ ಒಂದೇ. ಗಾಳಿಯನ್ನು ಪರೀಕ್ಷೆ ಮಾಡಿಸುವುದು. ಈ ಮೂರು ವಾರದಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿದ್ದೀರಿ. ಮಕ್ಕಳು ಈಗ ಜಗಲಿಯಲ್ಲಿ, ಊಟದ ಚಪ್ಪರದಲ್ಲಿ ಕೂತು ಓದುತ್ತಿದ್ದಾರೆ. ಗಾಳಿ ಬೀಸಿದರೆ ಪುಸ್ತಕದ ಹಾಳೆ ಹಾರುತ್ತದೆ, ಪಾಠ ಅರ್ಧ ಕೇಳುವುದಿಲ್ಲ. ಇರಲಿ. ಒಂದು ತರಗತಿ ಹಿಂದೆ ಬಿದ್ದರೆ ಮುಂದಿನ ವರ್ಷ ಸರಿಹೋಗುತ್ತದೆ.

ಸೋಮವಾರ ಆ ಬೀಗ ತೆರೆಯುವುದಿಲ್ಲ. ಗಾಳಿ ಪರೀಕ್ಷೆ ಆಗುವವರೆಗೆ ತೆರೆಯಕೂಡದೆಂದು ಗೇಟಿನ ಬಳಿ ಮುನ್ನೂರ ಹನ್ನೊಂದು ಪೋಷಕರು ಸಹಿ ಹಾಕಿದ್ದಾರೆ, ಬಸ್ ಡ್ರೈವರರದ್ದು ಮೊದಲ ಸಹಿ. ಪರಿಣತರನ್ನು ಕರೆಸಿ ಗಾಳಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗೇಟಿಗೆ ಅಂಟಿಸಿ. ಕೋಣೆಗಳನ್ನು ಮುಚ್ಚಿ, ಒದ್ದೆ ಮಾಡಿ, ಮುಖಕ್ಕೆ ಸರಿಯಾದ ಮಾಸ್ಕು ಹಾಕಿಕೊಂಡು ಕೆಲಸ ಮಾಡಲು ಕಲಿತವರಿಂದ ಫ್ಯಾನು ಇಳಿಸಿ, ತೂತು ಮುಚ್ಚಿಸಿ, ಕೋಣೆ ಶುಚಿ ಮಾಡಿಸಿ. ಸೀಲಿಂಗಿನ ಮೇಲೆಯೇ, ಏಣಿ ಹತ್ತುವವನ ಕಣ್ಣಿಗೆ ರಾಚುವ ಹಾಗೆ, ಇದು ಕಲ್ನಾರು ಎಂದು ಬರೆಸಿ. ಮುಖ್ಯೋಪಾಧ್ಯಾಯಿನಿಗೆ ಕೊಟ್ಟ ಮೆಮೊ ವಾಪಸು ಪಡೆಯಿರಿ. ಅಕ್ಕನ ಎದೆಯನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಅವರು ಕೆಲಸ ಬಿಟ್ಟ ಮೇಲೂ.

ಇವೆಲ್ಲಕ್ಕಿಂತ ಮುಖ್ಯವಾಗಿ ನನಗೊಂದು ಪಟ್ಟಿ ಬೇಕು. ಆ ಏಳು ತಿಂಗಳು ಆ ನಾಲ್ಕು ಕೋಣೆಗಳಲ್ಲಿ ಕೂತ ಪ್ರತಿ ಮಗು, ನಿಂತ ಪ್ರತಿ ಟೀಚರು, ಗುಡಿಸಿದವರು, ಒಗೆದವರು, ಎಲ್ಲರ ಹೆಸರು ಅದರಲ್ಲಿರಬೇಕು. ಎಲ್ಲಿ, ಎಷ್ಟು ದಿನ, ಏನನ್ನು ಉಸಿರಾಡಿದರು ಎಂದು ಬರೆದಿರಬೇಕು. ನಿಮ್ಮ ಸಹಿ ಇರುವ ಒಂದೊಂದು ಪ್ರತಿ ಒಂದೊಂದು ಮನೆಗೆ ತಲುಪಬೇಕು, ಮೂಲ ಪ್ರತಿಯನ್ನು ಐವತ್ತು ವರ್ಷ ಯಾರೂ ಬಿಸಾಡಬಾರದು. ಏಕೆಂದರೆ ಮುಂದೊಂದು ದಿನ, ದೇವರ ದಯದಿಂದ ಅಂಥ ದಿನ ಬಾರದಿರಲಿ, ನಡುವಯಸ್ಸಿನ ಹೆಂಗಸೊಬ್ಬಳು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ಯಾವುದೋ ವೈದ್ಯರ ಮುಂದೆ ಹೋಗಿ ಕೂರಬಹುದು. ನೀವು ಯಾವ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಿರಿ ಎಂದು ಅವರು ಕೇಳುತ್ತಾರೆ. ಯಾವುದರಲ್ಲೂ ಇಲ್ಲ ಎನ್ನುತ್ತಾಳೆ. ವೈದ್ಯರು ಬೇರೆಲ್ಲೋ ಹುಡುಕುತ್ತಾರೆ, ಹುಡುಕುತ್ತ ತಿಂಗಳುಗಳು ಹೋಗುತ್ತವೆ. ಆಗ ಹೇಳಲು ನಾನಿರುವುದಿಲ್ಲ. ಮೆಮೊ ಕೊಡಲು ನೀವೂ ಇರುವುದಿಲ್ಲ. ಅವಳ ಕೈಯಲ್ಲಿ ಆ ಕಾಗದವಾದರೂ ಇರಲಿ.

ಇಂತಿ,
ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಹೆದರಿ ಕೂತಿರುವ
ಎಲೆಕ್ಟ್ರಿಷಿಯನ್,
ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಅಪ್ಪ